ಹಳೆಯ ಮಾಳಿಗೆಗೆ ಹಗುರ ನೆಲ

ನಮ್ಮ ಸದಸ್ಯರಲ್ಲಿ ಕೆಲವರಿಗೆ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹಿರಿಯರ ಕಾಲದ ಮನೆಗಳುಂಟು. ಮಕ್ಕಳ ಓದಿಗೆಂದೋ ಬಾಡಿಗೆಗೆಂದೋ ದುರಸ್ತಿಗೆ ಕೈಹಾಕಿದಾಗ, ಮಾಳಿಗೆಯ ಮೇಲೆ ನಾಲ್ಕು ಅಂಗುಲ ಕಾಂಕ್ರೀಟು ಸುರಿದು ಟೈಲ್ಸ್ ಹಾಕಿಬಿಡೋಣವೆಂದು ಮೇಸ್ತ್ರಿ ಹೇಳುವುದುಂಟು. ಒಪ್ಪುವ ಮೊದಲು ತೂಕದ ಲೆಕ್ಕ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಉಳಿದೆರಡು ಬಡಾವಣೆಗಳು ಬೆಳೆದದ್ದು 1898ರ ಪ್ಲೇಗಿನ ತರುವಾಯ. ಆ ಕಾಲದ ಮದ್ರಾಸ್ ತಾರಸಿಯಲ್ಲಿ ಮರದ ಜಂತೆಗಳ ಮೇಲೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ ಹಾಕುತ್ತಿದ್ದರು. ಒಡೆದ ಇಟ್ಟಿಗೆಯನ್ನೂ ಹಿರಿಯರು ಎಸೆಯಲಿಲ್ಲ. ಆದುದರಿಂದ ತ್ಯಾಜ್ಯದಿಂದ ನೆಲ ಮಾಡುವುದು ನಮಗೆ ಹೊಸದಲ್ಲ.

ಹತ್ತಡಿಗೆ ಹತ್ತಡಿಯ ಕೋಣೆಗೆ ನಾಲ್ಕು ಅಂಗುಲ ಸಾಮಾನ್ಯ ಕಾಂಕ್ರೀಟು ಹಾಕಿದರೆ ಸುಮಾರು 22 ಕ್ವಿಂಟಾಲು ಭಾರ. ಅಂದರೆ 50 ಕಿಲೋದ ಕಾಫಿ ಮೂಟೆಗಳನ್ನು 45ರಷ್ಟು ಆ ಜಂತೆಗಳ ಮೇಲೆ ಶಾಶ್ವತವಾಗಿ ಪೇರಿಸಿದಂತೆ! ಘನ ಮೀಟರಿಗೆ 1,000 ಕಿಲೋ ತೂಗುವ ಹಗುರ ಕಾಂಕ್ರೀಟಾದರೆ 19 ಮೂಟೆ.

ಇದಕ್ಕೆ ಬೇಕಾದ ಪದಾರ್ಥ ಕಾರ್ಖಾನೆಗಳ ಬೂದಿ. ಕಲ್ಲಿದ್ದಲು ಉರಿದು ಉಳಿದ ಸಿಂಡರನ್ನು ಬಚ್ಚಲುಮನೆಯ ತಗ್ಗು ತುಂಬಲು ಬೆಂಗಳೂರಿನಲ್ಲಿ ಬಳಸುತ್ತಾರೆ. 1985ರಲ್ಲಿ ಆರಂಭವಾದ ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಸ್ಥಾವರಗಳಲ್ಲಿ ಹಾರುಬೂದಿ ರಾಶಿರಾಶಿಯಾಗಿ ಬರುತ್ತದೆ. ಅದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿತು. ಆದರೆ ಬೂದಿ ಬೆರೆಸಿದ ಮಾತ್ರಕ್ಕೆ ಕಾಂಕ್ರೀಟು ಹಗುರವಾಗದು. ಬೂದಿಯನ್ನು ಉಂಡೆಕಟ್ಟಿ ಸುಟ್ಟು ಜಲ್ಲಿ ಮಾಡಬೇಕು, ಇಲ್ಲವೆ ನೊರೆಯಿಂದ ಗಾಳಿ ಹಿಡಿಸಬೇಕು.

ಎಚ್ಚರಿಕೆಯೂ ಅಗತ್ಯ. ಸಿಂಡರಿನಲ್ಲಿ ಗಂಧಕವಿದ್ದರೆ ಕಬ್ಬಿಣದ ಕೊಳವೆ, ಕಂಬಿ ತುಕ್ಕು ಹಿಡಿಯುತ್ತವೆ. ಅದು ನೀರು ಹೀರುವುದರಿಂದ ಕೆಳಗೆ ನೀರುತಡೆ ಲೇಪ ಕಡ್ಡಾಯ. ಹಗುರವೆಂದರೆ ಭಾರವೇ ಇಲ್ಲವೆಂದಲ್ಲ. ಹಳೆಯ ನೆಲ ತೆಗೆಸಿ, ಗೆದ್ದಲು ತಿಂದ ಜಂತೆಯನ್ನು ಎಂಜಿನಿಯರರಿಗೆ ತೋರಿಸಿಯೇ ಮುಂದುವರಿಯಬೇಕು.

ಊರಿನ ಒಣಗಿಸುವ ಕಣಕ್ಕೆ ಮಾತ್ರ ಇದು ಬೇಡ. ನೆಲದ ಮೇಲೆಯೇ ಕೂರುವ ಕಣಕ್ಕೆ ತೂಕದ ಚಿಂತೆಯಿಲ್ಲ. ಸವೆತ ತಾಳುವ ಗಟ್ಟಿ ಕಾಂಕ್ರೀಟೇ ಅಲ್ಲಿಗೆ ಸರಿ. ಕಾಫಿ ಹೊಟ್ಟು ಸುಟ್ಟ ಬೂದಿಯನ್ನೂ ಗಾರೆಗೆ ಹಾಕಕೂಡದು. ಅದರಲ್ಲಿ ಪೊಟ್ಯಾಷ್ ಹೆಚ್ಚು. ಅದು ಸೇರಬೇಕಾದದ್ದು ತೋಟಕ್ಕೆ.

ಕಾರ್ಖಾನೆಯ ಬೂದಿ ಮಾಳಿಗೆಗೆ, ಮನೆಯ ಬೂದಿ ಗಿಡದ ಬುಡಕ್ಕೆ. ಹೀಗೆ ಹಂಚಿದರೆ ಹಿರಿಯರ ಮನೆಯೂ ಉಳಿದೀತು, ತೋಟಕ್ಕೂ ಲಾಭವಾದೀತು.