ಚಿಂತೆಗೂ ಒಂದು ಕಾಯಕ ಕೊಡಿ

ಸಂಸಾರವೆಂಬುದು ಎರಡೆತ್ತಿನ ಗಾಡಿ. ದಾರಿಯಲ್ಲಿ ಒಂದು ಎತ್ತು ಕುಸಿದರೆ ನೊಗದ ಭಾರವೆಲ್ಲ ಇನ್ನೊಂದರ ಹೆಗಲಿಗೆ ಬೀಳುತ್ತದೆ. ಸತಿಪತಿಗಳಲ್ಲಿ ಒಬ್ಬರನ್ನು ಹಠಾತ್ತನೆ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ ಮನೆಯಲ್ಲಿ ಉಳಿದವರ ಸ್ಥಿತಿ ಇದೇ. ಸಂಜೆ ಜೊತೆಯಲ್ಲಿ ಕುಳಿತು ಮುದ್ದೆ ಉಂಡವರು ನಡುರಾತ್ರಿಯಲ್ಲಿ ಎದೆ ಹಿಡಿದುಕೊಂಡು ಕುಳಿತಾಗ, ನಲವತ್ತು ವರ್ಷ ಸಂಸಾರ ನಡೆಸಿದ ಧೈರ್ಯವಂತೆಗೂ ಕೈಕಾಲು ಆಡುವುದಿಲ್ಲ. ಊರಿನ ಜಗಳಗಳನ್ನೆಲ್ಲ ತೀರ್ಮಾನ ಮಾಡುವ ಯಜಮಾನನೂ ಹೆಂಡತಿಗೆ ಪ್ರಜ್ಞೆ ತಪ್ಪಿದರೆ ಮಗುವಿನಂತೆ ಆಗಿಬಿಡುತ್ತಾನೆ. ಇಂತಹ ಗಳಿಗೆಯಲ್ಲಿ ಮನಸ್ಸನ್ನು ಹೇಗೆ ನಿಲ್ಲಿಸಿಕೊಳ್ಳಬೇಕೆಂದು ಭಕ್ತರು ಕೇಳುವುದುಂಟು. ಆ ಪ್ರಶ್ನೆಯನ್ನೇ ಈ ವಾರ ವಿಚಾರ ಮಾಡೋಣ.

ಆಪತ್ತು ಹೇಳಿ ಬರುವುದಿಲ್ಲ. ದೊಡ್ಡವರು, ಚಿಕ್ಕವರು ಎಂದು ನೋಡುವುದೂ ಇಲ್ಲ. ಇದನ್ನು ಮಂಡ್ಯ ಜಿಲ್ಲೆಯ ಜನರಿಗೆ ಯಾರೂ ಬೋಧಿಸಬೇಕಾಗಿಲ್ಲ. 2018ರ ವರ್ಷವೊಂದೇ ಸಾಕು. ಆ ವರ್ಷದ ಫೆಬ್ರವರಿ 18ರಂದು ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯ ರೈತ ನಾಯಕ, ಮೇಲುಕೋಟೆ ಕ್ಷೇತ್ರದ ಶಾಸಕ ಕೆ.ಎಸ್. ಪುಟ್ಟಣ್ಣಯ್ಯನವರು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಹೃದಯಾಘಾತಕ್ಕೆ ಒಳಗಾದರು. ಕೂಡಲೇ ಆಸ್ಪತ್ರೆಗೆ ಕರೆದೊಯ್ದರೂ ಜೀವ ಉಳಿಯಲಿಲ್ಲ. ಅದೇ ವರ್ಷ ನವೆಂಬರ್ 24ರ ಶನಿವಾರ ಅದೇ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಆ ದಿನದ ಕಣ್ಣೀರು ಆರುವ ಮೊದಲೇ, ರಾತ್ರಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಅಂಬರೀಶ್ ಅವರು ನಿಧನರಾದ ಸುದ್ದಿ ಬಂತು. ಜಿಲ್ಲೆಗೆ ಜಿಲ್ಲೆಯೇ ಒಂದು ಮನೆಯಂತೆ ಅತ್ತ ದಿನ ಅದು.

ಆದರೆ ಅಂಬರೀಶ್ ಅವರ ಬಾಳಿನಲ್ಲೇ ಇನ್ನೊಂದು ಸಂಗತಿಯೂ ಇದೆ. 2014ರ ಫೆಬ್ರವರಿಯಲ್ಲಿ ಉಸಿರಾಟದ ತೊಂದರೆಯಿಂದ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಸಿಂಗಪುರಕ್ಕೆ ಕರೆದೊಯ್ದಿದ್ದರು. ಆಗ ಹಳ್ಳಿಹಳ್ಳಿಯಲ್ಲಿ ಆತಂಕ. ಅವರು ಗುಣಮುಖರಾಗಿ ಮರಳಿದರು. ಮಡದಿ ಮಗನೊಂದಿಗೆ ಮತ್ತೆ ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬಾಳಿದರು. ಆಸ್ಪತ್ರೆಯ ಬಾಗಿಲೆಂದರೆ ಹೋದವರು ಬಾರದ ಬಾಗಿಲೆಂದು ಭಾವಿಸುವ ಹಿರಿಯರು ನಮ್ಮಲ್ಲಿ ಇಂದಿಗೂ ಇದ್ದಾರೆ. ಆಂಬುಲೆನ್ಸಿನ ಸದ್ದು ಕೇಳಿದೊಡನೆ ಅಳು ತೆಗೆಯುವವರೂ ಇದ್ದಾರೆ. ಹಾಗೆ ಮಾಡಬಾರದು. ಆಸ್ಪತ್ರೆಗೆ ಹೋಗುವುದು ಮರಳಿ ಬರುವುದಕ್ಕಾಗಿ.

ಮೊದಲನೆಯದಾಗಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಚಿಂತೆ ಮಾಡುವವರಿಗೆ ದೇವರಲ್ಲಿ ನಂಬಿಕೆ ಇಲ್ಲವೆಂದು ಕೆಲವರು ಹಂಗಿಸುತ್ತಾರೆ. ಅದು ಸರಿಯಲ್ಲ. ಕೈಹಿಡಿದವರ ಪ್ರಾಣ ಅಪಾಯದಲ್ಲಿರುವಾಗ ಕಲ್ಲಿನಂತೆ ಇರುವುದು ಭಕ್ತಿಯಲ್ಲ. ಚಿಂತೆ ಪ್ರೀತಿಯ ಕೂಸು. ಆದರೆ ಆ ಕೂಸನ್ನು ಸುಮ್ಮನೆ ಬಿಟ್ಟರೆ ಮನೆಯನ್ನೇ ಸುಡುತ್ತದೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುತ್ತಾರಲ್ಲವೇ? ಆದ್ದರಿಂದ ಚಿಂತೆಯನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಬಿಡಲು ಆಗುವುದೂ ಇಲ್ಲ. ಚಿಂತೆಗೆ ಒಂದು ಕಾಯಕ ಕೊಡಿರೆಂದು ಹೇಳುತ್ತೇವೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರು ಮೈಮರೆತು ಕುಳಿತಾಗ, ಕಾಯಕ ನಿಂತುಹೋಗಿದೆ ಎಂದು ಎಚ್ಚರಿಸಿದವರು ಅವರ ಧರ್ಮಪತ್ನಿ ಲಕ್ಕಮ್ಮನವರು. ಗಾಬರಿಯಲ್ಲಿ ಮೈಮರೆತ ಮನಸ್ಸಿಗೂ ಅಂತಹ ಒಂದು ಎಚ್ಚರಿಕೆ ಬೇಕು: ಈಗ ನನ್ನ ಕೈಯಿಂದ ಆಗಬೇಕಾದ ಕೆಲಸ ಯಾವುದು?

ಮೊದಲ ಕೆಲಸ ತಡಮಾಡದಿರುವುದು. ಎದೆನೋವು ಬಂದಾಗ "ಗ್ಯಾಸು ಕಣೇ, ಒಸಿ ಜೀರಿಗೆ ಕಷಾಯ ಕಾಸ್ಕೊಡು, ಸರಿಹೋಯ್ತದೆ" ಎಂದು ಮಲಗಿಬಿಡುವವರು ಎಷ್ಟೋ ಜನ. ಹೆಣ್ಣುಮಕ್ಕಳಿಗೆ ಹೃದಯಾಘಾತವಾದಾಗ ಎದೆನೋವಿಗಿಂತ ಮೇಲುಸಿರು, ಸುಸ್ತು, ಬೆನ್ನು ಅಥವಾ ದವಡೆಯ ನೋವು ಮುಂದಾಗಿ ಕಾಣಿಸುವುದುಂಟು. ಅವರು ಹೇಳಿಕೊಳ್ಳುವುದೂ ಕಡಿಮೆ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಇಲ್ಲದೆ ಹೃದಯಾಘಾತವಾಗಬಹುದು. ಬಾಯಿ ಸೊಟ್ಟಗಾಗಿ, ಒಂದು ಕೈ ಎತ್ತಲಾಗದೆ, ಮಾತು ತೊದಲಿದರೆ ಅದು ಲಕ್ವ. ಮೆದುಳಿನ ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯ ಒಳಗೆ ಕೊಡಬೇಕು. ಆ ಸಮಯವನ್ನು ಸೊಪ್ಪಿನ ಔಷಧಿ ಕೊಡುವವರ ಊರನ್ನು ಹುಡುಕುವುದರಲ್ಲಿ ಕಳೆದರೆ ಹೋದ ಗಳಿಗೆ ಮತ್ತೆ ಬಾರದು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದಾಗಲೂ ಹೀಗೆಯೇ. ಅದಕ್ಕೆ ಮದ್ದು ಆಸ್ಪತ್ರೆಯಲ್ಲಿದೆ, ಮಂತ್ರದಲ್ಲಿಲ್ಲ. ಇದನ್ನು ಮಂತ್ರವನ್ನೇ ಉಸಿರಾಗಿಸಿಕೊಂಡ ಮಠದಿಂದಲೇ ಹೇಳುತ್ತಿದ್ದೇವೆ.

ರಾಹುಕಾಲ ಕಳೆಯಲಿ, ಮೊದಲು ಮನೆದೇವರಿಗೆ ಮುಡಿಪು ಕಟ್ಟೋಣ, ಮಠಕ್ಕೆ ಹೋಗಿ ವಿಭೂತಿ ತರೋಣ ಎಂದು ಕಾಯುವುದು ಬೇಡ. ಆಪತ್ತಿನಲ್ಲಿರುವ ಜೀವಕ್ಕೆ ಎಲ್ಲ ಕಾಲವೂ ಶಿವನ ಕಾಲವೇ. ಹರಕೆಯನ್ನು ಆಂಬುಲೆನ್ಸಿನಲ್ಲಿ ಕುಳಿತುಕೊಂಡೂ ಮಾಡಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ 2008ರಿಂದ ನಡೆಯುತ್ತಿದೆ. ಆ ಸಂಖ್ಯೆ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲೇ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಎಂಬ ಯೋಜನೆಯನ್ನು ಜಾರಿಗೆ ತಂದಿದೆ. ಆಯ್ದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ದೂರದ ತಜ್ಞರ ಸಲಹೆ ಪಡೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಅದು. ಶ್ರೀರಂಗಪಟ್ಟಣದವರಿಗೆ ಮೈಸೂರು ಹತ್ತಿರ. ಆದರೆ ಕೆ.ಆರ್. ಪೇಟೆಯಿಂದ ಮೈಸೂರಿಗೆ 50 ಕಿಲೋಮೀಟರಿಗೂ ಹೆಚ್ಚು ದಾರಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಸೌಲಭ್ಯವಿದೆ, ಮಂಡ್ಯ, ಮೈಸೂರು, ನಾಗಮಂಗಲ ಸೀಮೆಯವರಿಗೆ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆ, ಇವುಗಳಲ್ಲಿ ಯಾವುದು ಹತ್ತಿರ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಂಡಿರಿ. ನುಂಗುವ ಮಾತ್ರೆಗಳು, ಹಳೆಯ ಚೀಟಿಗಳು, ಆಧಾರ್ ಮತ್ತು ರೇಷನ್ ಕಾರ್ಡು ಒಂದೇ ಕೈಚೀಲದಲ್ಲಿರಲಿ. ಮೊದಲೇ ಮಾಡಿಟ್ಟ ಈ ಸಣ್ಣ ಕೆಲಸ ಆ ರಾತ್ರಿ ಅರ್ಧ ಗಾಬರಿಯನ್ನು ತಗ್ಗಿಸುತ್ತದೆ.

ಎರಡನೆಯದು ಕಾಯುವ ಕೆಲಸ. ಇದೇ ಕಠಿಣವಾದುದು. ಒಳಗೆ ತುರ್ತು ಚಿಕಿತ್ಸೆ ನಡೆಯುತ್ತಿರುತ್ತದೆ. ಹೊರಗೆ ಬೆಂಚಿನ ಮೇಲೆ ಒಂದೊಂದು ನಿಮಿಷವೂ ಒಂದು ಯುಗ. ಆಗ ನರ್ಸಮ್ಮ ಬಂದು ರೋಗಿಯ ಮೈಮೇಲಿದ್ದ ಕರಡಿಗೆಯನ್ನು ನಿಮ್ಮ ಕೈಗೆ ಕೊಡಬಹುದು. ಹೆಂಡತಿಯನ್ನು ಒಳಗೆ ಕರೆದೊಯ್ಯುವಾಗ ಮಾಂಗಲ್ಯವನ್ನು ತೆಗೆದು ಗಂಡನ ಕೈಗೆ ಕೊಡಬಹುದು. ರೋಗಕ್ಕಿಂತ ಹೆಚ್ಚಾಗಿ ಇದೇ ನಮ್ಮ ಹಿರಿಯರ ಎದೆಯೊಡೆಯುತ್ತದೆ. "ಬುದ್ಧೀ, ಲಿಂಗ ಅಂಗದಿಂದ ದೂರವಾಯ್ತಲ್ಲ, ಇನ್ನು ಉಳಿದಾರೇ?" ಎಂದು ಕೇಳುವವರಿದ್ದಾರೆ.

ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಎಂ.ಆರ್.ಐ. ಯಂತ್ರದೊಳಗೆ ಬಲವಾದ ಅಯಸ್ಕಾಂತವಿರುತ್ತದೆ. ಲೋಹದ ವಸ್ತು ಒಳಗೆ ಹೋದರೆ ಅಪಾಯ. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿದ್ಯುತ್ ಉಪಕರಣದಿಂದ ಮೈಮೇಲಿನ ಲೋಹ ಕಾದು ಸುಡುವ ಭಯವೂ ಇದೆ. ವೈದ್ಯರು ತೆಗೆಯಿರಿ ಎಂದರೆ ವಾದಿಸಬೇಡಿ. ಕರಡಿಗೆಯನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಮನೆಯವರು ತಮ್ಮ ಎದೆಯ ಬಳಿ ಇಟ್ಟುಕೊಳ್ಳಿ. ಇಷ್ಟಲಿಂಗವು ಒಂದು ಗಳಿಗೆ ಕೈ ಬದಲಾಯಿಸಿದರೂ ಪ್ರಾಣಲಿಂಗ, ಭಾವಲಿಂಗಗಳನ್ನು ಯಾರೂ ತೆಗೆಯಲಾರರು. ಜೀವ ಉಳಿಸುವುದಕ್ಕಾಗಿ ಹೀಗೆ ಮಾಡಿದ್ದು ವ್ರತಭಂಗವಲ್ಲ. ಗುಣವಾಗಿ ಬಂದ ಮೇಲೆ ಗುರುವಿನಿಂದ ಮತ್ತೆ ಧರಿಸಿಕೊಂಡರಾಯಿತು. ಮಾಂಗಲ್ಯದ ವಿಷಯವೂ ಅಷ್ಟೇ. ಅದು ಅಪಶಕುನವಲ್ಲ. ಕಟ್ಟಿದ ಕೈಯೇ ಅದನ್ನು ಕಾಪಾಡುತ್ತಿದೆ ಎಂದು ತಿಳಿಯಿರಿ.

ಕಾಯುವವರು ಅನ್ನ ನೀರು ಬಿಡಬಾರದು. "ಅವರು ಕಣ್ಣು ಬಿಡೋಗಂಟ ತೊಟ್ಟು ನೀರೂ ಕುಡಿಯಾಕಿಲ್ಲ" ಎಂದು ಹಟ ಹಿಡಿಯುವ ತಾಯಂದಿರಿದ್ದಾರೆ. ಅವರಿಗೂ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುತ್ತವೆ; ಗಾಬರಿಯಲ್ಲಿ ತಮ್ಮ ಮಾತ್ರೆ ಮರೆಯುತ್ತಾರೆ. ನಾಳೆ ಗಂಡನಿಗೆ ಗಂಜಿ ಕುಡಿಸಬೇಕಾದ ಕೈ ಇಂದು ಬಿದ್ದುಹೋಗಬಾರದು. ಗಂಡಸರಿಗೆ ಇನ್ನೊಂದು ಮಾತು. ಅಳು ಬಂದರೆ ಅತ್ತುಬಿಡಿ, ಅದರಲ್ಲಿ ನಾಚಿಕೆಯಿಲ್ಲ. ದುಃಖ ಮರೆಯಲೆಂದು ಹೆಂಡದಂಗಡಿಯ ಕಡೆ ಹೋಗಬೇಡಿ. ವೈದ್ಯರು ಸಹಿ ಕೇಳುವಾಗ, ವಿಷಯ ಹೇಳುವಾಗ ನಿಮ್ಮ ಬುದ್ಧಿ ತಿಳಿಯಾಗಿರಬೇಕು. ಮನಸ್ಸು ಓಡತೊಡಗಿದಾಗ ಕಣ್ಣು ಮುಚ್ಚಿ, ಉಸಿರನ್ನು ನಿಧಾನವಾಗಿ ಒಳಗೆಳೆದು, ಬಿಡುವಾಗ ಇನ್ನೂ ನಿಧಾನವಾಗಿ ಪಂಚಾಕ್ಷರಿಯನ್ನು ಜಪಿಸಿ. ಬೇರೆ ಮತದವರು ತಮ್ಮ ತಮ್ಮ ದೇವರ ಹೆಸರನ್ನು ಹೇಳಿಕೊಳ್ಳಲಿ. ಉಸಿರು ನಿಧಾನವಾದರೆ ಎದೆಬಡಿತವೂ ನಿಧಾನವಾಗುತ್ತದೆ.

ಮೂರನೆಯ ಕೆಲಸ ಉಳಿದವರದು. ಒಂದು ಮನೆಯಿಂದ ಆಂಬುಲೆನ್ಸ್ ಹೋದರೆ ಆ ಮನೆಯ ಹಸುವಿಗೆ ಹುಲ್ಲು ಹಾಕುವವರು, ಹಾಲು ಕರೆದು ಡೇರಿಗೆ ಹಾಕುವವರು, ಮಕ್ಕಳಿಗೆ ಉಣಿಸಿ ಶಾಲೆಗೆ ಕಳಿಸುವವರು ನೆರೆಯವರೇ ಆಗಬೇಕು. ದಾಸೋಹವೆಂದರೆ ಜಾತ್ರೆಯ ಪಂಕ್ತಿ ಮಾತ್ರವಲ್ಲ. ಆಸ್ಪತ್ರೆಯ ಬೆಂಚಿಗೆ ತಲುಪಿಸಿದ ಬುತ್ತಿಯೂ ದಾಸೋಹವೇ. ನೋಡಲು ಹೋಗುವವರು ಟೆಂಪೋ ತುಂಬಿಕೊಂಡು ಹೋಗಬೇಡಿ. ಹೋದರೂ "ನಮ್ಮ ಭಾವನಿಗೂ ಹಿಂಗೇ ಆಗಿತ್ತು, ಮೂರೇ ದಿನಕ್ಕೆ ಹೋಗ್ಬುಟ್ಟ" ಎಂಬಂತಹ ಕಥೆ ತೆಗೆಯಬೇಡಿ. ಸುಮ್ಮನೆ ಪಕ್ಕದಲ್ಲಿ ಕುಳಿತರೂ ಸಾಕು. ಮಕ್ಕಳಿಗೂ ಒಂದು ಬುದ್ಧಿಮಾತು. "ಏನೂ ಆಗಿಲ್ಲ ಕಣವ್ವ, ನೀನು ಸುಮ್ಕಿರು" ಎಂದು ತಾಯಿಯಿಂದ ಸತ್ಯ ಮುಚ್ಚಿಡಬೇಡಿ. ನಿಮ್ಮ ಮುಖ ನೋಡಿಯೇ ಆಕೆ ಅರಿಯುತ್ತಾಳೆ. ತಿಳಿಯದ ಭಯ ತಿಳಿದ ಭಯಕ್ಕಿಂತ ದೊಡ್ಡದು. ವೈದ್ಯರು ಹೇಳಿದ್ದನ್ನು ಮೆಲ್ಲನೆ, ಇದ್ದಷ್ಟೇ ಹೇಳಿ. ಬಾಳೆಲ್ಲ ಜೊತೆಯಲ್ಲಿ ಕಳೆದವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವೊಮ್ಮೆ ಜೀವ ಉಳಿಯುವುದಿಲ್ಲ. ಪುಟ್ಟಣ್ಣಯ್ಯನವರು ಕುಸಿದದ್ದು ಜಿಲ್ಲಾ ಕೇಂದ್ರದಲ್ಲೇ, ಸಾವಿರಾರು ಅಭಿಮಾನಿಗಳಿದ್ದ ಊರಿನಲ್ಲೇ, ಆದರೂ ಉಳಿಸಿಕೊಳ್ಳಲಾಗಲಿಲ್ಲ. ಆಮೇಲೆ ಉಳಿದವರನ್ನು ಒಂದು ಮಾತು ವರ್ಷಗಟ್ಟಲೆ ತಿನ್ನುತ್ತದೆ: ಇನ್ನೊಂದು ಗಳಿಗೆ ಮುಂಚೆ ಹೊರಟಿದ್ದರೆ! ನೆಂಟರಿಷ್ಟರು ಅದೇ ಮಾತನ್ನು ಎದುರಿಗೇ ಆಡಿ ಗಾಯಕ್ಕೆ ಉಪ್ಪು ಹಚ್ಚುತ್ತಾರೆ. ಇದು ಮಹಾಪಾಪ. ಆ ರಾತ್ರಿ ತಿಳಿದಷ್ಟನ್ನು, ಕೈಲಾದಷ್ಟನ್ನು ಪ್ರೀತಿಯಿಂದ ಮಾಡಿದವರ ಮೇಲೆ ಯಾವ ದೋಷವೂ ಇಲ್ಲ. ಕಾಯಕ ನಮ್ಮದು, ಫಲ ಶಿವನದು. ಶಿವನ ಪಾಲಿನ ಲೆಕ್ಕವನ್ನು ನಮ್ಮ ತಲೆಯ ಮೇಲೆ ಹೊತ್ತುಕೊಳ್ಳಬಾರದು, ಇತರರ ತಲೆಯ ಮೇಲೆ ಹೊರಿಸಲೂಬಾರದು.

ಸದ್ಭಕ್ತರೇ, ಈ ಪತ್ರಿಕೆಯನ್ನು ಮಡಿಸಿಡುವ ಮೊದಲು ನಿಮ್ಮ ಯಜಮಾನರನ್ನೋ ಮನೆಯಾಕೆಯನ್ನೋ ಎದುರಿಗೆ ಕೂರಿಸಿಕೊಂಡು ಕೇಳಿ: ದಿನಾಲೂ ಯಾವ ಮಾತ್ರೆ ನುಂಗುತ್ತೀ, ಎದೆಯಲ್ಲಿ ಏನಾದರೂ ನೋವು ಮುಚ್ಚಿಟ್ಟುಕೊಂಡಿದ್ದೀಯಾ, ಚೀಟಿಗಳೆಲ್ಲಿವೆ? ಕೈಹಿಡಿದವರ ಆರೋಗ್ಯ ವಿಚಾರಿಸುವುದೂ ಒಂದು ಪೂಜೆಯೇ. ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿರುವ ಎಲ್ಲ ತಾಯಂದಿರಿಗೆ, ತಂದೆಯರಿಗೆ ಪರಶಿವನು ಧೈರ್ಯವನ್ನು ಕರುಣಿಸಲಿ. ಒಳಗೆ ಮಲಗಿರುವವರು ಗುಣವಾಗಿ ಮನೆಗೆ ಮರಳಲಿ. ಸರ್ವರಿಗೂ ಸನ್ಮಂಗಳವಾಗಲಿ.