ಫ್ಲ್ಯಾಟೋ, ಅಂಗಳದ ಮನೆಯೋ? ವಾಸಿಸುವವರೇ ನಿರ್ಧರಿಸಲಿ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ ಕಾಲದಲ್ಲಿ ಮನೆಯೆಂಬ ಮಾತಿಗೆ ಕರಾವಳಿಯಲ್ಲಿ ಒಂದೇ ಅರ್ಥವಿತ್ತು. ಒಂದು ತುಂಡು ಭೂಮಿ, ಅದರ ಮೇಲೆ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಹಿತ್ತಿಲಲ್ಲಿ ಬಾವಿ, ಮುಂದೆ ಅಂಗಳ. ಇಂದು ಮಂಗಳೂರಿನ ಕದ್ರಿ, ಬೆಂದೂರು, ಬಿಜೈ ಪರಿಸರದಲ್ಲಿ ನಡೆದು ಹೋದರೆ ಅಂತಹ ಹಿತ್ತಿಲುಗಳಿದ್ದ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ತಲೆಯೆತ್ತಿ ನಿಂತಿರುವುದನ್ನು ಕಾಣುತ್ತೇವೆ. ಹೀಗಾಗಿ ಮನೆ ಮಾಡಹೊರಟ ಪ್ರತಿಯೊಂದು ಕುಟುಂಬವೂ ಈಗ ಒಂದು ಕವಲುದಾರಿಯಲ್ಲಿ ನಿಂತು ಯೋಚಿಸಬೇಕಾಗಿದೆ: ಹೊಸ ಫ್ಲ್ಯಾಟೋ, ಸ್ವಂತ ಅಂಗಳವಿರುವ ಪ್ರತ್ಯೇಕ ಮನೆಯೋ?

ಇತ್ತೀಚೆಗೆ ಭಾನುವಾರದ ಬಲಿಪೂಜೆಯ ಬಳಿಕ ಚರ್ಚಿನ ಅಂಗಳದಲ್ಲಿ ಪರಿಚಿತರೊಬ್ಬರು ಇದೇ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಇಪ್ಪತ್ತಾರು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಊರಿಗೆ ಮರಳಿದವರು ಅವರು. ಮಗಳು ಬೆಂಗಳೂರಿನಲ್ಲಿ, ಮಗ ಕೆನಡಾದಲ್ಲಿ. ನಗರದಿಂದ ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ತಂದೆಯ ಕಾಲದ ಮನೆ. ಆ ಮನೆಯಲ್ಲಿ ಎಂಬತ್ತನಾಲ್ಕು ವರ್ಷದ ತಾಯಿ. ಹಳೆಯ ಮನೆಯನ್ನು ಕೆಡವಿ ಅಲ್ಲಿಯೇ ಎರಡಂತಸ್ತಿನ ಮನೆ ಕಟ್ಟಬೇಕೆಂಬುದು ಅವರ ಬಹುದಿನದ ಆಸೆ. ಆಸ್ಪತ್ರೆ, ಅಂಗಡಿ, ಚರ್ಚು ಎಲ್ಲವೂ ಹತ್ತಿರವಿರುವಂತೆ ನಗರದಲ್ಲಿ ಫ್ಲ್ಯಾಟ್ ಕೊಳ್ಳಬೇಕೆಂಬುದು ಪತ್ನಿಯ ಹಟ. “ನೀವೇನು ಹೇಳುತ್ತೀರಿ?” ಎಂದು ಕೇಳಿದರು. “ನಿಮ್ಮ ಅಮ್ಮ ಏನು ಹೇಳುತ್ತಾರೆ?” ಎಂದು ನಾನು ತಿರುಗಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮನನ್ನು ಕೇಳಲಿಲ್ಲ” ಎಂದರು. ಈ ಲೇಖನಕ್ಕೆ ಆ ಒಂದು ಉತ್ತರವೇ ಪ್ರೇರಣೆ.

ನಮ್ಮವರಿಗೆ ಮಣ್ಣಿನ ಮೇಲಿರುವ ಮೋಹ ಅಕಾರಣವಾದುದಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ, ಊರಿನವರು ಇಂದಿಗೂ ‘ಡಿಕ್ಲರೇಶನ್’ ಎಂದು ಕರೆಯುವ ಆ ಪ್ರಕ್ರಿಯೆಯ ಮೂಲಕ, ಗೇಣಿದಾರರಾಗಿದ್ದ ಅನೇಕ ಕುಟುಂಬಗಳು ಮೊದಲ ಬಾರಿಗೆ ಭೂಮಿಯ ಒಡೆಯರಾದವು. ಅಜ್ಜ ಬೆವರು ಸುರಿಸಿ, ಅಪ್ಪ ಕಚೇರಿಗಳಿಗೆ ಅಲೆದು ಪಡೆದ ಪಹಣಿ ಪತ್ರವನ್ನು ಮೊಮ್ಮಗ ಕಡತದೊಳಗಿನ ಕಾಗದವೆಂದು ಮಾತ್ರ ಭಾವಿಸಲಾರ. ಈ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಭಾವನೆಯೊಂದೇ ಮಳೆಗಾಲದಲ್ಲಿ ಮಾಡಿನ ಸೋರಿಕೆಯನ್ನು ನಿಲ್ಲಿಸುವುದಿಲ್ಲ.

ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಊರಿನಲ್ಲಿ ಪ್ರತ್ಯೇಕ ಮನೆಯೆಂದರೆ ಮುಗಿಯದ ಕೆಲಸ. ಪಕ್ಕಾಸು, ರೀಪುಗಳಿಗೆ ಗೆದ್ದಲು, ಒಡೆದ ಹಂಚು, ಗೋಡೆಯ ಪಾಚಿ, ಅಂಗಳದ ಹುಲ್ಲು, ತೆಂಗಿನ ಮರ ಹತ್ತುವವರಿಗಾಗಿ ವಾರಗಟ್ಟಲೆ ಕಾಯುವುದು. ನಲವತ್ತರ ಪ್ರಾಯದಲ್ಲಿ ಇದು ಉಲ್ಲಾಸದ ದುಡಿಮೆ, ಎಪ್ಪತ್ತರಲ್ಲಿ ಭಾರ. ಮಕ್ಕಳೆಲ್ಲ ಹೊರದೇಶದಲ್ಲಿರುವ ವೃದ್ಧ ದಂಪತಿಗೆ ಆರು ಕೋಣೆಗಳ ಮನೆಯಲ್ಲಿ ಐದು ಕೋಣೆಗಳು ಬೀಗ ಹಾಕಿಯೇ ಇರುತ್ತವೆ. ರಾತ್ರಿ ಬಚ್ಚಲಿನಲ್ಲಿ ಜಾರಿ ಬಿದ್ದರೆ ಬೆಳಗಿನವರೆಗೆ ಯಾರಿಗೂ ತಿಳಿಯದ ಸಂದರ್ಭಗಳೂ ಉಂಟು. ಹೊಸ ಮನೆ ಕಟ್ಟಿಸುವವರಿಗೆ ಭೂಪರಿವರ್ತನೆ, ನಕ್ಷೆಯ ಮಂಜೂರಾತಿ, ರಸ್ತೆಯ ಹಕ್ಕು ಇವೆಲ್ಲವನ್ನೂ ತಾವೇ ನೋಡಿಕೊಳ್ಳಬೇಕಾದ ಹೊಣೆ ಬೇರೆ. ಮೇಸ್ತ್ರಿಯ ಹಿಂದೆ ನಡೆಯುವ ಶಕ್ತಿ ಇಲ್ಲದವರು ಈ ಸಾಹಸಕ್ಕೆ ಇಳಿಯದಿರುವುದೇ ಲೇಸು.

ಹಾಗೆಂದ ಮಾತ್ರಕ್ಕೆ ಫ್ಲ್ಯಾಟ್ ಎಂಬುದು ನಿಶ್ಚಿಂತೆಯ ಇನ್ನೊಂದು ಹೆಸರೆಂದು ಯಾರೂ ಭ್ರಮಿಸಬೇಕಾಗಿಲ್ಲ. ಫ್ಲ್ಯಾಟ್ ಕೊಳ್ಳುವವನು ನಿಜವಾಗಿ ಕೊಳ್ಳುವುದೇನನ್ನು? ನಾಲ್ಕು ಗೋಡೆಗಳ ನಡುವಿನ ಜಾಗವನ್ನು, ಅದರೊಡನೆ ಕಟ್ಟಡ ನಿಂತ ಭೂಮಿಯಲ್ಲಿ ವಿಭಜಿಸಲಾಗದ ಒಂದು ಪಾಲನ್ನು. ಉದಾಹರಣೆಗೆ 20 ಸೆಂಟ್ಸ್ ಜಾಗದಲ್ಲಿ ಸಮಾನ ಅಳತೆಯ 24 ಫ್ಲ್ಯಾಟುಗಳಿದ್ದರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಸೆಂಟ್‌ಗಿಂತಲೂ ಕಡಿಮೆ, ಸುಮಾರು 363 ಚದರಡಿ. ಅದಕ್ಕೆ ಬೇಲಿ ಹಾಕುವಂತಿಲ್ಲ, ಅದರಲ್ಲಿ ಒಂದು ಬಸಳೆ ಬಳ್ಳಿ ನೆಡಬೇಕಾದರೂ ನೆರೆಯವರ ಒಪ್ಪಿಗೆ ಬೇಕು. ಲಿಫ್ಟು, ನೀರಿನ ಪಂಪು, ಕಾವಲುಗಾರ, ಬಣ್ಣ ಇವೆಲ್ಲದರ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು. ಸಾಲ ತೀರಿದರೂ ಈ ಮಾಸಿಕ ನಿರ್ವಹಣಾ ಶುಲ್ಕ ತೀರುವುದಿಲ್ಲ. ಕರ್ನಾಟಕದಲ್ಲಿ 1970ರ ದಶಕದಿಂದಲೇ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆ ಇದೆ. ಅದರ ಸಾರವಿಷ್ಟೆ: ನೀವು ಒಡೆಯರೂ ಹೌದು, ನೆರೆಯವರೊಡನೆ ಪಾಲುದಾರರೂ ಹೌದು. ಸಂಘದ ಸಭೆಗೆ ಹೋಗಲು ಮನಸ್ಸಿಲ್ಲದವರಿಗೆ, ಮೇಲಿನ ಮನೆಯ ಮಗುವಿನ ಓಡಾಟವನ್ನು ಸಹಿಸಲಾರದವರಿಗೆ ಈ ಬಾಳ್ವೆ ಒಗ್ಗುವುದು ಕಷ್ಟ.

ನೀರಿನ ವಿಚಾರವನ್ನೂ ಮರೆಯುವಂತಿಲ್ಲ. ಮಂಗಳೂರು ನಗರದ ಕುಡಿಯುವ ನೀರು ಬಹುಪಾಲು ನೇತ್ರಾವತಿಯ ತುಂಬೆ ಅಣೆಕಟ್ಟನ್ನು ನಂಬಿದೆ. 2019 ಮತ್ತು 2023ರ ಬೇಸಿಗೆಯಲ್ಲಿ ಅಲ್ಲಿಯ ಮಟ್ಟ ಇಳಿದಾಗ ನಗರದಲ್ಲಿ ನೀರನ್ನು ಸರದಿಯ ಪ್ರಕಾರ ಬಿಡಬೇಕಾಗಿ ಬಂತು. ಆಗ ಸ್ವಂತ ಬಾವಿಯಿದ್ದ ಮನೆಯವರು ಹಗ್ಗ ಇಳಿಸಿದರು. ಎಷ್ಟೋ ಫ್ಲ್ಯಾಟಿನವರು ಟ್ಯಾಂಕರಿಗಾಗಿ ಕಾದರು. ಆದುದರಿಂದ ಫ್ಲ್ಯಾಟ್ ನೋಡಲು ಹೋಗುವವರು ಹಜಾರದ ಅಮೃತಶಿಲೆಯನ್ನು ನೋಡುವ ಮೊದಲು, “ಏಪ್ರಿಲ್, ಮೇ ತಿಂಗಳಿನಲ್ಲಿ ನೀರು ಎಲ್ಲಿಂದ?” ಎಂದು ಕೇಳಲಿ. ಅಂತೆಯೇ ಹಾಸಿಗೆ ಹಿಡಿದವರನ್ನು ಮಲಗಿಸಿಕೊಂಡೇ ಇಳಿಸುವಷ್ಟು ಲಿಫ್ಟ್ ದೊಡ್ಡದಿದೆಯೇ ಎಂದೂ ನೋಡಲಿ. ಕೇಳಲು ಅಹಿತವಾದರೂ ಈ ಪ್ರಶ್ನೆ ಪ್ರತಿಯೊಂದು ಮನೆಗೂ ಒಂದಲ್ಲ ಒಂದು ದಿನ ಎದುರಾಗುವಂಥದು.

ಇನ್ನು ಹಣದ ಮಾತು. 50 ಲಕ್ಷ ರೂಪಾಯಿಯನ್ನು ಶೇಕಡ 8.5ರ ಬಡ್ಡಿಯಲ್ಲಿ 20 ವರ್ಷಗಳಿಗೆ ಸಾಲ ತಂದರೆ ತಿಂಗಳ ಕಂತು ಸುಮಾರು 43,400 ರೂಪಾಯಿ. ಕೊನೆಗೆ ಬ್ಯಾಂಕಿಗೆ ಸಲ್ಲುವ ಮೊತ್ತ ಒಂದು ಕೋಟಿಗೂ ಮಿಕ್ಕಿದ್ದು. ಹೀಗಿರುವಾಗ ‘ನೆರೆಯವರು ಕಟ್ಟಿದರು, ನಾವೂ ಕಟ್ಟೋಣ’ ಎಂಬ ಪೈಪೋಟಿಗೆ ಅರ್ಥವೇನು? ಫ್ಲ್ಯಾಟ್ ಕೊಳ್ಳುವವರಿಗೆ 2016ರ ರೇರಾ ಕಾಯಿದೆ ಹಲವು ರಕ್ಷಣೆಗಳನ್ನು ಒದಗಿಸಿದೆ. ಕಾಯಿದೆಯ ವ್ಯಾಪ್ತಿಗೆ ಬರುವ ಯೋಜನೆಯು ನೋಂದಣಿಯಾಗದೆ ಮಾರಾಟವಾಗುವಂತಿಲ್ಲ. ಲಿಖಿತ ಕರಾರು ಮಾಡಿ ನೋಂದಾಯಿಸುವ ಮೊದಲು ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಗೋಡೆಗಳ ಒಳಗೆ ನಿಜವಾಗಿ ಬಳಸಲು ಸಿಗುವ ಕಾರ್ಪೆಟ್ ಏರಿಯಾ ಎಷ್ಟೆಂದು ಸ್ಪಷ್ಟವಾಗಿ ತಿಳಿಸಬೇಕು. ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವರೇ ಉಚಿತವಾಗಿ ಸರಿಪಡಿಸಬೇಕು. ನಿರ್ಮಾಣ ಹಂತದಲ್ಲಿರುವ ಫ್ಲ್ಯಾಟಿಗೆ ಜಿಎಸ್‌ಟಿ ತೆರಿಗೆಯುಂಟು; ಪೂರ್ಣಗೊಂಡ ಪ್ರಮಾಣಪತ್ರ ದೊರೆತ ಬಳಿಕ ಕೊಂಡರೆ ಅದು ಇಲ್ಲ. ವಯಸ್ಸಾದವರು ನಕ್ಷೆಯನ್ನು ನೋಡಿ ಮರುಳಾಗದೆ, ಪೂರ್ಣಗೊಂಡು ಜನ ವಾಸವಾಗಿರುವ ಕಟ್ಟಡದಲ್ಲಿಯೇ ಕೊಳ್ಳುವುದು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ.

ಇದೆಲ್ಲಕ್ಕಿಂತ ಮುಖ್ಯವಾದ ಒಂದು ವಿಷಯವನ್ನು ನಮ್ಮ ಸಮುದಾಯ ಮನಸ್ಸಿಟ್ಟು ಕೇಳಬೇಕು. ಹಳೆಯ ಮನೆಯನ್ನು ಕೆಡವುವ ಅಥವಾ ಮಾರುವ ಮಾತು ಬಂದಾಗಲೆಲ್ಲ ಗಂಡುಮಕ್ಕಳೇ ಕುಳಿತು ತೀರ್ಮಾನಿಸುವ ರೂಢಿ ನಮ್ಮಲ್ಲಿದೆ. ಆದರೆ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯ ಮೂರನೆಯ ಒಂದು ಪಾಲು ಅವರ ಪತ್ನಿಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಅದರಲ್ಲಿ ಮಗನಿಗೂ ಮಗಳಿಗೂ ಸಮಾನ ಹಕ್ಕು. ಮದುವೆಯಲ್ಲಿ ಚಿನ್ನ ಕೊಟ್ಟೆವೆಂದು ಸಹೋದರಿಯ ಹಕ್ಕು ತಾನಾಗಿ ಅಳಿಯುವುದಿಲ್ಲ. ನನ್ನ ಪರಿಚಿತರ ತಂದೆಯೂ ಉಯಿಲು ಬರೆದಿರಲಿಲ್ಲ. ಅಂದರೆ ಯಾರನ್ನು ಕೇಳಬೇಕೆಂದು ಅವರಿಗೆ ತೋಚಲೇ ಇಲ್ಲವೋ, ಆ ತಾಯಿಯೇ ಆ ಮನೆಯ ದೊಡ್ಡ ಪಾಲುದಾರಳು. ಕಾನೂನು ಹೇಳುವುದಕ್ಕೆ ಮೊದಲೇ ನಮ್ಮ ಮನಸ್ಸಾಕ್ಷಿ ಇದನ್ನು ಹೇಳಬೇಕಾಗಿತ್ತು.

ಅಂಗಳದಲ್ಲಿ ಚಪ್ಪರ ಹಾಕಿ ‘ರೋಸ್’ ಮಾಡಲು ಮನೆ ಬೇಕೆಂದು ವಾದಿಸುವವರೂ ಇದ್ದಾರೆ. ಇಂದು ಹೆಚ್ಚಿನ ರೋಸ್‌ಗಳು ಸಭಾಭವನಗಳಲ್ಲಿಯೇ ನಡೆಯುತ್ತಿವೆ. ಒಂದು ಸಂಜೆಯ ಸಂಭ್ರಮಕ್ಕಾಗಿ, ರಜೆಯಲ್ಲಿ ಬರುವ ಮಕ್ಕಳ ಹದಿನೈದು ದಿನಗಳಿಗಾಗಿ ಮನೆ ಕಟ್ಟುವುದು ವಿವೇಕವಲ್ಲ. ವರ್ಷದ 365 ದಿನ ಆ ಮನೆಯನ್ನು ಗುಡಿಸುವವರು ಯಾರು, ಅಲ್ಲಿ ಅನ್ನ ಬೇಯಿಸುವವರು ಯಾರು, ಅಲ್ಲಿ ಕಾಯಿಲೆ ಮಲಗುವವರು ಯಾರು? ಅವರ ಮಾತೇ ಮೊದಲ ಮಾತಾಗಬೇಕು. ಶಾಲೆಗೆ ಹೋಗುವ ಮಕ್ಕಳಿದ್ದು, ಇದೇ ಊರಿನಲ್ಲಿ ಬಾಳುವ ನಿಶ್ಚಯವಿರುವ ಯುವ ದಂಪತಿಗೆ ಐದು ಸೆಂಟ್ಸ್ ಜಾಗದಲ್ಲಿ ಬಾವಿಯಿರುವ ಪುಟ್ಟ ಮನೆ ಸಾಲದ ಮಿತಿಯೊಳಗೆ ದೊರೆತರೆ ಅದೇ ಶ್ರೇಷ್ಠ. ಮಕ್ಕಳು ದೂರವಿರುವ, ದೇಹ ದಣಿದಿರುವ ಹಿರಿಯರಿಗೆ ಪರಿಚಿತ ನೆರೆಹೊರೆಯ ನಡುವಿನ ಚಿಕ್ಕ ಫ್ಲ್ಯಾಟ್ ಉಚಿತ. ಹೊರದೇಶದಲ್ಲಿಯೇ ನೆಲೆಸುವವರು ಊರಿನಲ್ಲಿ ಬೀಗ ಹಾಕಿದ ಬಂಗಲೆ ಕಟ್ಟದಿರಲಿ. ನಿರ್ಧಾರ ಕಷ್ಟವೆನಿಸಿದರೆ ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆಯ ಫ್ಲ್ಯಾಟಿನಲ್ಲಿ ಇದ್ದು ನೋಡಲಿ; ಆ ಬಾಡಿಗೆ ಎಂದೂ ನಷ್ಟವಲ್ಲ.

ಎರಡು ವಾರಗಳ ಬಳಿಕ ಆ ಪರಿಚಿತರು ಮತ್ತೆ ಸಿಕ್ಕರು. ತಾಯಿಯನ್ನು ಕೇಳಿದರಂತೆ. “ನನಗೆ ಎರಡಂತಸ್ತೂ ಬೇಡ, ಎಂಟನೆಯ ಅಂತಸ್ತೂ ಬೇಡ ಮಗಾ. ಬೆಳಿಗ್ಗೆ ನಾನು ಬಾಗಿಲು ತೆರೆಯದಿದ್ದರೆ ‘ಏನು ಬಾಯಮ್ಮ, ಹುಷಾರಿಲ್ಲವೇ?’ ಎಂದು ಕೇಳುವವರು ಇಲ್ಲಿದ್ದಾರೆ. ಅಷ್ಟು ಸಾಕು” ಎಂದರಂತೆ. ಹಳೆಯ ಮನೆಯ ಮಾಡಿಗೆ ಹೊಸ ರೀಪು ಹಾಕಿಸಿ, ಬಚ್ಚಲಿಗೆ ಹಿಡಿಕೆ ಕೂರಿಸಿ, ಮೆಟ್ಟಿಲನ್ನು ಇಳಿಜಾರು ಮಾಡಿಸುವ ಕೆಲಸ ಈಗ ನಡೆಯುತ್ತಿದೆ. ಫ್ಲ್ಯಾಟಿನ ಯೋಚನೆಯನ್ನು ಅವರು ಕೈಬಿಟ್ಟಿಲ್ಲ. ಪತ್ನಿಯ ಮಾತಿಗೂ ಬೆಲೆಯಿದೆ. ತಾಯಿ ಇರುವವರೆಗೆ ಅದು ಕಾಯಲಿ ಎಂದು ಇಬ್ಬರೂ ಒಪ್ಪಿದ್ದಾರೆ.

ಇಂದು ಸಂಜೆ ಜಪಸರದ ಬಳಿಕ ನಿಮ್ಮ ಮನೆಯಲ್ಲಿಯೂ ಈ ಮಾತು ಬಂದರೆ, ಪ್ರಿಯ ಓದುಗರೇ, ಬೆಲೆಪಟ್ಟಿಯನ್ನು ಒಂದಿಷ್ಟು ಹೊತ್ತು ಬದಿಗಿಡಿರಿ. ಮೂಲೆಯ ಕುರ್ಚಿಯಲ್ಲಿ ಮೌನವಾಗಿ ಕುಳಿತಿರುವವರನ್ನು ಮೊದಲು ಕೇಳಿರಿ.