ಕರಾಟೆ ಕಲಿಕೆ ಮತ್ತು ಮಕ್ಕಳ ದೇಹಬಲ

ತುಮಕೂರು ನಗರದ ಬಡಾವಣೆಗಳಲ್ಲಿ ಸಂಜೆಯ ವೇಳೆ ಬಿಳಿಯ ಉಡುಪು ತೊಟ್ಟು ಕರಾಟೆ ತರಗತಿಗೆ ಹೊರಡುವ ಮಕ್ಕಳು ಇಂದು ಸಾಮಾನ್ಯ ನೋಟ. ಗುಬ್ಬಿ, ಕುಣಿಗಲ್‌ಗಳಂಥ ತಾಲ್ಲೂಕು ಕೇಂದ್ರಗಳಿಗೂ ಈ ವಿದ್ಯೆ ತಲುಪಿದೆ. ಮಕ್ಕಳು ಮೊಬೈಲನ್ನು ಬದಿಗಿಟ್ಟು ಮೈ ಬಗ್ಗಿಸುತ್ತಿದ್ದಾರೆ ಎಂಬುದು ವೈದ್ಯರಾದ ನಮಗೆ ಸಂತೋಷದ ಸಂಗತಿಯೇ. ಆದರೆ ತಂದೆತಾಯಿಯರು ನಮ್ಮ ಬಳಿ ಬಂದಾಗ ಹೆಮ್ಮೆಯಿಂದ ಹೇಳುವುದು ಬೆಲ್ಟಿನ ಮಾತನ್ನು. ಮಗಳಿಗೆ ಹಳದಿ ಬೆಲ್ಟ್ ಬಂತು, ಮಗನಿಗೆ ಮುಂದಿನ ತಿಂಗಳು ಹಸಿರು ಬೆಲ್ಟಿನ ಪರೀಕ್ಷೆ. ಮಗುವಿಗೆ ಹಸಿವು ಹೇಗಿದೆ, ನಿದ್ರೆ ಹೇಗಿದೆ, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೇ ಎಂದು ನಾವು ಕೇಳಿದರೆ ಉತ್ತರ ತಡವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಕ್ರಮವೇ ತಲೆಕೆಳಗಾಗಿದೆ.

ಜಪಾನಿನಲ್ಲಿ ಈ ವಿದ್ಯೆಗಳು ಬೆಳೆದ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1882ರಲ್ಲಿ ಟೋಕಿಯೊ ನಗರದಲ್ಲಿ ಜೂಡೊ ಶಾಲೆಯನ್ನು ಆರಂಭಿಸಿದ ಜಿಗೊರೊ ಕಾನೊ ಅವರು ವೃತ್ತಿಯಿಂದ ಶಿಕ್ಷಣತಜ್ಞರು. 1889ರಲ್ಲಿ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದಲ್ಲಿ ಅವರು ಜೂಡೊವನ್ನು ದೇಹಶಿಕ್ಷಣ, ಸ್ಪರ್ಧೆ, ಮನಸ್ಸಿನ ಸಂಸ್ಕಾರ ಎಂಬ ಮೂರು ಅಂಗಗಳಾಗಿ ವಿವರಿಸಿದರು. ಕರಾಟೆಯ ಕಥೆಯೂ ಹೀಗೆಯೇ. ಒಕಿನಾವಾ ದ್ವೀಪದಲ್ಲಿ ಗುಟ್ಟಾಗಿ ಕಲಿಸುತ್ತಿದ್ದ ಈ ವಿದ್ಯೆಯನ್ನು ಅಂಕೊ ಇತೊಸು ಎಂಬ ಗುರುಗಳು 1901ರ ಸುಮಾರಿಗೆ ಶಾಲೆಯೊಳಕ್ಕೆ ತಂದದ್ದು ಅಂಗಸಾಧನೆಯ ಪಾಠವಾಗಿಯೇ. ಅವರ ಶಿಷ್ಯ ಗಿಚಿನ್ ಫುನಾಕೊಶಿ ಬಾಲ್ಯದಲ್ಲಿ ರೋಗಿಷ್ಠ. ಅಭ್ಯಾಸದಿಂದ ಮೈಗೂಡಿಸಿಕೊಂಡು, ಶಾಲಾ ಮಾಸ್ತರರಾಗಿ, 1922ರಲ್ಲಿ ಟೋಕಿಯೊಗೆ ಬಂದು ಕರಾಟೆಯನ್ನು ಪರಿಚಯಿಸಿ, 88ನೆಯ ವಯಸ್ಸಿನವರೆಗೆ ಬಾಳಿದರು. ಈ ಮೂವರಲ್ಲಿ ಯಾರೂ ಹೊಡೆತವನ್ನು ಆರೋಗ್ಯದಿಂದ ಬೇರ್ಪಡಿಸಲಿಲ್ಲ. ಇಂದಿನ ಬಣ್ಣಬಣ್ಣದ ಬೆಲ್ಟುಗಳಾದರೋ ಬಹುಮಟ್ಟಿಗೆ ಯೂರೋಪಿನ ಜೂಡೊ ಶಾಲೆಗಳಿಂದ ಹಬ್ಬಿದವು.

ಒಕಿನಾವಾದ ಗುರುಗಳು ಕುತ್ತಿಗೆಯುಳ್ಳ ಮಣ್ಣಿನ ಜಾಡಿಗಳನ್ನು ಬೆರಳುಗಳಲ್ಲಿ ಹಿಡಿಸಿ ಶಿಷ್ಯರನ್ನು ನಡೆಸುತ್ತಿದ್ದರು, ಹಿಡಿ ಇರುವ ಕಲ್ಲಿನ ಗುಂಡುಗಳನ್ನು ಎತ್ತಿಸುತ್ತಿದ್ದರು. ಇದನ್ನು ಓದುವಾಗ ನಮಗೆ ನೆನಪಾಗುವುದು ನಮ್ಮದೇ ಗರಡಿಮನೆ. ದಂಡ, ಬಸ್ಕಿ, ಗದೆ, ಮೈಗೆ ಎಣ್ಣೆ, ಇವೆಲ್ಲ ಆದಮೇಲೆ ಪಟ್ಟು. ಮಟ್ಟಿಯ ಮಣ್ಣನ್ನು ದಿನವೂ ಅಗೆದು ಸಡಿಲಗೊಳಿಸಿದ ನಂತರವೇ ಕುಸ್ತಿ. ಜೂಡೊದವರೂ ದಪ್ಪ ಚಾಪೆಯ ಮೇಲೆ ಮೊದಲು ಕಲಿಸುವುದು ಬೀಳುವುದನ್ನು. ಪೆಟ್ಟಾಗದಂತೆ ಬೀಳಲು ಬಂದವನಿಗೆ ಮಾತ್ರ ಎಸೆಯುವ ಪಾಠ. (ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಬರುವ ಹಿರಿಯರನ್ನು ಕಂಡಾಗಲೆಲ್ಲ, ಈ ಒಂದು ಪಾಠ ಎಲ್ಲರಿಗೂ ಎಳೆವಯಸ್ಸಿನಲ್ಲಿ ಸಿಗಬೇಕಿತ್ತು ಎನಿಸುತ್ತದೆ.) ನಮ್ಮ ಊರುಗಳಲ್ಲಿ ಎಷ್ಟೋ ತರಗತಿಗಳು ನಡೆಯುವುದು ಸಿಮೆಂಟಿನ ನೆಲದ ಮೇಲೆ, ಮನೆಯ ತಾರಸಿಯ ಮೇಲೆ. ಅಲ್ಲಿ ಒಂಬತ್ತು ಹತ್ತು ವರ್ಷದ ಮಕ್ಕಳು ಮುಷ್ಟಿಯೂರಿ ದಂಡ ಹೊಡೆಯುತ್ತಾರೆ. ವಾರ್ಷಿಕೋತ್ಸವಕ್ಕೆ ಹೆಂಚು ಒಡೆಯುತ್ತಾರೆ. ಮಣಿಕಟ್ಟು ಊದಿದ, ಮಂಡಿ ನೋಯುವ ಮಕ್ಕಳು ನಮ್ಮ ಚಿಕಿತ್ಸಾಲಯಕ್ಕೆ ಬರುವುದು ಹೀಗೆಯೇ.

ಎಳೆಯರ ಎಲುಬಿನ ತುದಿಯಲ್ಲಿ ಮೃದುವಾದ ಬೆಳವಣಿಗೆಯ ಪದರವೊಂದಿರುತ್ತದೆ. ಅದು ಗಟ್ಟಿಯಾಗುವುದು ಹದಿಹರೆಯದ ಕೊನೆಯ ಹೊತ್ತಿಗೆ. ಅಲ್ಲಿಯವರೆಗೆ ಪದೇ ಪದೇ ಬೀಳುವ ಪೆಟ್ಟು ಕೆಲವೊಮ್ಮೆ ಎಲುಬಿನ ಬೆಳವಣಿಗೆಗೇ ಅಡ್ಡಿಯಾದೀತು. ಕುಣಿಗಲ್ಲಿನ ಕುದುರೆ ಫಾರಂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೇ ಉತ್ತಮ ತಳಿಯ ಮರಿಯಾದರೂ ಹುಲ್ಲುಗಾವಲಿನಲ್ಲಿ ಓಡಾಡಿ ಕಾಲು ಬಲಿಯುವ ತನಕ ಅದರ ಬೆನ್ನಿಗೆ ಯಾರೂ ಸವಾರನನ್ನು ಏರಿಸುವುದಿಲ್ಲ. ಕುದುರೆಮರಿಗೆ ತೋರುವ ಈ ತಾಳ್ಮೆಯನ್ನು ನಾವು ಮಕ್ಕಳಿಗೇಕೆ ತೋರಬಾರದು?

ಆಯುರ್ವೇದದಲ್ಲಿ ವ್ಯಾಯಾಮಕ್ಕೆ ಅಳತೆಯಿದೆ. ಬಲವುಳ್ಳವರು, ಜಿಡ್ಡಿನ ಆಹಾರ ಸೇವಿಸುವವರು ಸಹ ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕೆಂದು ವಾಗ್ಭಟಾಚಾರ್ಯರು ವಿಧಿಸುತ್ತಾರೆ. ಹಣೆ, ಮೂಗು, ಕಂಕುಳು, ಕೀಲುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಂದ ಉಸಿರಾಡುವಂತಾದರೆ ಅರ್ಧ ಮುಗಿಯಿತೆಂದು ತಿಳಿಯಬೇಕು. ಅದನ್ನು ಮೀರಿದರೆ ಬಾಯಾರಿಕೆ, ಕೆಮ್ಮು, ಜ್ವರ, ವಾಂತಿ, ದೇಹಕ್ಷಯ. ಬಾಲರಿಗೂ ವೃದ್ಧರಿಗೂ ಅಜೀರ್ಣವುಳ್ಳವರಿಗೂ ಶ್ರಮದ ವ್ಯಾಯಾಮವೇ ಸಲ್ಲದೆಂದಿದೆ. ಸುಶ್ರುತರ ಗಣನೆಯಲ್ಲಿ 16 ವರ್ಷದೊಳಗಿನವರೆಲ್ಲ ಬಾಲರು. ಆದ್ದರಿಂದ ಮಕ್ಕಳು ಕರಾಟೆ ಕಲಿಯಲೇಬಾರದೆಂದು ನಾವು ಅರ್ಥ ಮಾಡುವುದಿಲ್ಲ. ಓಟ, ಜಿಗಿತ, ಸಮತೋಲ, ನಿಧಾನವಾದ ಕಟಾ ಅಭ್ಯಾಸ ಇವೆಲ್ಲ ಆಟದ ಹದದಲ್ಲಿ ಧಾರಾಳವಾಗಿ ನಡೆಯಲಿ. ಮುಷ್ಟಿ ಗಟ್ಟಿ ಮಾಡುವ ಹೊಡೆತ, ಹೆಂಚು ಒಡೆತ, ದಣಿವಾದ ಮೇಲೂ ಮುಂದುವರಿಸುವ ಶಿಕ್ಷೆಯ ಬಸ್ಕಿ ಬೇಡ.

ಕಾಲದ ವಿಚಾರವೂ ಇದೆ. ಚಳಿಗಾಲ, ವಸಂತಗಳಲ್ಲಿ ವ್ಯಾಯಾಮ ಹೆಚ್ಚಬಹುದು, ಗ್ರೀಷ್ಮದಲ್ಲಿ ಅದನ್ನು ಬಿಡಬೇಕು ಎಂಬುದು ಋತುಚರ್ಯೆ. ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ: ಚಳಿಗಾಲದಲ್ಲಿ ಟ್ಯೂಷನ್, ಪರೀಕ್ಷೆಯ ಸಿದ್ಧತೆ, ಏಪ್ರಿಲ್, ಮೇ ತಿಂಗಳಲ್ಲಿ ಬೇಸಿಗೆ ಶಿಬಿರ. ಪಂಚಾಂಗದ ಲೆಕ್ಕದಲ್ಲಿ ಏಪ್ರಿಲ್ ವಸಂತವೇ ಇರಬಹುದು, ತುಮಕೂರಿನ ಬಿಸಿಲು ಪಂಚಾಂಗ ನೋಡುವುದಿಲ್ಲ. ಶಿಬಿರ ನಡೆಸುವವರು ಬೆಳಗಿನ ಏಳೂವರೆಯೊಳಗೆ ಮುಗಿಸಲಿ.

ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡಿರುವುದು ಹೆಣ್ಣುಮಕ್ಕಳ ಆತ್ಮರಕ್ಷಣೆಯ ತರಬೇತಿ. ಒನಕೆ ಓಬವ್ವನ ಹೆಸರಿನಲ್ಲಿ ವಸತಿನಿಲಯಗಳ ವಿದ್ಯಾರ್ಥಿನಿಯರಿಗೆ, ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಸರ್ಕಾರಿ ಶಾಲೆಗಳ ಬಾಲಕಿಯರಿಗೆ ಕರಾಟೆ ಮೊದಲಾದವನ್ನು ಕಲಿಸುವ ಯೋಜನೆಗಳಿವೆ. ಉದ್ದೇಶ ಪ್ರಶಂಸನೀಯ. ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ಬಂದು, ಸಂಜೆಯ ರೈಲಿಗೋ ಬಸ್ಸಿಗೋ ಹಿಂದಿರುಗಿ, ಅಲ್ಲಿಂದ ಕತ್ತಲಲ್ಲಿ ಹಳ್ಳಿಯ ದಾರಿ ಹಿಡಿಯುವ ಹೆಣ್ಣುಮಗಳಿಗೆ ಧೈರ್ಯ ಬೇಕೇ ಬೇಕು. ಆದರೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತವಿಲ್ಲದ ತೋಳಿಗೆ ಕೆಲವು ತಿಂಗಳಲ್ಲಿ ಎಂಟು ಹತ್ತು ವರಸೆ ಕಲಿಸಿ, ಪ್ರಮಾಣಪತ್ರ ಕೊಟ್ಟು, ನೀನಿನ್ನು ಸುರಕ್ಷಿತಳು ಎಂದು ಹೇಳುವುದು ಅಪಾಯಕರ. ಆಪತ್ತಿನಲ್ಲಿ ಮೊದಲು ಬೇಕಾದದ್ದು ಕೊಸರಿಕೊಂಡು, ಕೂಗುತ್ತಾ, ಜನರಿರುವಲ್ಲಿಗೆ ಇನ್ನೂರು ಮೀಟರ್ ಓಡುವ ಶಕ್ತಿ. ಪಾಂಡುರೋಗದ ಬಾಲಕಿ ಐವತ್ತು ಮೀಟರಿಗೇ ಕುಸಿಯುತ್ತಾಳೆ.

ಆದುದರಿಂದ ತರಬೇತಿಯ ಮೊದಲ ದಿನ ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ ಎಂಬುದು ನಮ್ಮ ಒತ್ತಾಯ. 12 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರ ಸಲಹೆ ಪಡೆದು ಔಷಧ, ಜೊತೆಗೆ ನಡಿಗೆ, ಲಘು ಓಟ. ರಕ್ತ ತುಂಬಿಕೊಂಡ ಮೇಲೆ ವರಸೆಗಳು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಬಿಸಾಡದೆ ನುಂಗಲಿ. ಆಯುರ್ವೇದದವರಾಗಿ ನಾವು ಹೀಗೆನ್ನುವುದು ಕೆಲವರಿಗೆ ಅಚ್ಚರಿ ತರಬಹುದು. ಲೋಹದ ಭಸ್ಮಗಳಿಂದ ಪಾಂಡುವಿಗೆ ಚಿಕಿತ್ಸೆ ಮಾಡಿದ ಪರಂಪರೆಗೆ ಕಬ್ಬಿಣ ಹೊಸದೇನಲ್ಲ. ಭಸ್ಮಗಳನ್ನು ಮಾತ್ರ ವೈದ್ಯರನ್ನು ಕೇಳದೆ ಸೇವಿಸಕೂಡದು.

ಮನೆಯಲ್ಲಿ ಮಾಡಬೇಕಾದದ್ದು ಕಷ್ಟವಲ್ಲ. ರಾಗಿಮುದ್ದೆಯೊಡನೆ ಹುರುಳಿಕಾಳಿನ ಸಾರು, ನುಗ್ಗೆಸೊಪ್ಪು ಅಥವಾ ದಂಟಿನ ಸೊಪ್ಪಿನ ಪಲ್ಯ, ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇರಲಿ. ಊಟದ ಬೆನ್ನಿಗೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ತರಗತಿಗೆ ಬರಿಹೊಟ್ಟೆಯಲ್ಲೂ ಹೋಗಬಾರದು, ತುಂಬಿದ ಹೊಟ್ಟೆಯಲ್ಲೂ ಹೋಗಬಾರದು. ಒಂದು ಗಂಟೆ ಮೊದಲು ಒಂದು ಎಳ್ಳುಂಡೆ, ಒಂದು ಬಾಳೆಹಣ್ಣು ಸಾಕು. ವಾರಕ್ಕೆರಡು ಬಾರಿ ಮಂಡಿ, ಮಣಿಕಟ್ಟು, ಹಿಮ್ಮಡಿಗಳಿಗೆ ಬೆಚ್ಚಗಿನ ಎಳ್ಳೆಣ್ಣೆ ಸವರಿ, ಅರ್ಧ ಗಂಟೆ ಬಿಟ್ಟು ಬಿಸಿನೀರಿನ ಸ್ನಾನ ಮಾಡಿಸಬೇಕು. ನೋವೆಂದು ಮಗು ಹೇಳಿದ ದಿನ ತರಗತಿ ತಪ್ಪಿಸಬೇಕು, ಮರುದಿನವೇ ಬೆಲ್ಟಿನ ಪರೀಕ್ಷೆಯಿದ್ದರೂ ಸರಿಯೇ.